ಸರ್ಫಿಂಗ್ ಗೊತ್ತು, ಹಿಮ ಗೊತ್ತಿಲ್ಲ: ರುವಾಪೆಹು ಜ್ವಾಲಾಮುಖಿಗೆ ಸ್ನೋಬೋರ್ಡ್ ಮಾಡಲು ಹೋಗಬಹುದಾ?

ಪ್ರಶ್ನೆ: ಸರ್, ನಮಸ್ಕಾರ. ನಮ್ಮ ಊರು ಮೂಲ್ಕಿ. ಈಗ ಕೆಲಸದ ಮೇಲೆ ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿದ್ದೇನೆ. ಸಸಿಹಿತ್ಲು ಕಡಲಿನಲ್ಲಿ ಸರ್ಫಿಂಗ್ ಕಲಿತವಳು ನಾನು. ಇಲ್ಲಿಯೂ ರಜೆ ಸಿಕ್ಕಿದರೆ ಸಾಕು, ಪೀಹಾ ಬೀಚಿಗೆ ಓಡುತ್ತೇನೆ. ಆದರೆ ಹಿಮವನ್ನು ಇದುವರೆಗೆ ಮುಟ್ಟಿಲ್ಲ. ಆಫೀಸಿನ ಗೆಳೆಯರು ಆಗಸ್ಟ್ ಕೊನೆಯಲ್ಲಿ ರುವಾಪೆಹು ಬೆಟ್ಟಕ್ಕೆ ಸ್ನೋಬೋರ್ಡಿಂಗ್‌ಗೆ, ಅಂದರೆ ಹಲಗೆಯ ಮೇಲೆ ನಿಂತು ಹಿಮದ ಇಳಿಜಾರಿನಲ್ಲಿ ಜಾರಲು, ಹೊರಟಿದ್ದಾರೆ. "ಸರ್ಫಿಂಗ್ ಬರುತ್ತೆ ಅಂದಮೇಲೆ ನಿಂಗಿದು ಸುಲಭ" ಅನ್ನುತ್ತಾರೆ. ನಿಜವಾ? ಅದು ಜೀವಂತ ಜ್ವಾಲಾಮುಖಿ ಅಂತ ಗೊತ್ತಾದ ಮೇಲೆ ಊರಿನಿಂದ ಅಮ್ಮ ದಿನಾ ಫೋನ್ ಮಾಡಿ ಬೇಡ ಅನ್ನುತ್ತಿದ್ದಾರೆ. ಏನು ಹಾಕಿಕೊಳ್ಳಬೇಕು, ಒಂದು ದಿನ ಸಾಕಾ, ಮೇಲಿನ ಕ್ರೇಟರ್ ಸರೋವರ ನೋಡಬಹುದಾ, ದಯವಿಟ್ಟು ತಿಳಿಸಿ.

ಉತ್ತರ: ಹೋಗಿ. ಖಂಡಿತ ಹೋಗಿ. ನಿಮ್ಮ ಗೆಳೆಯರು ಹೇಳಿದ್ದು ಅರ್ಧ ನಿಜ. ಉಳಿದ ಅರ್ಧ ಗೊತ್ತಿಲ್ಲದೆ ಬೋರ್ಡ್ ಹತ್ತಿದ ಸರ್ಫರ್‌ಗಳು ಮೊದಲ ದಿನ ಬೇರೆಯವರಿಗಿಂತ ಜಾಸ್ತಿ ಬೀಳುವುದನ್ನು ನನ್ನ ತರಗತಿಗಳಲ್ಲಿ ನೋಡಿದ್ದೇನೆ. ಕಡಲು ನಿಮ್ಮ ಕಾಲುಗಳಿಗೆ ಕಲಿಸಿದ ಕೆಲವು ವಿಷಯಗಳನ್ನು ಹಿಮದಲ್ಲಿ ಮರೆಯಬೇಕು. ಕಣ್ಣುಗಳಿಗೆ ಕಲಿಸಿದ್ದನ್ನು ಮಾತ್ರ ಒಂದಿಷ್ಟೂ ಬಿಡಬೇಡಿ.

ಮೊದಲು ಒಂದು ಮಾತು. ನೀವು ಕಡಲು ಬಿಟ್ಟು ತೀರಾ ಬೇರೆ ಲೋಕಕ್ಕೆ ಹೋಗುತ್ತಿಲ್ಲ. ಟಾಸ್ಮನ್ ಸಮುದ್ರದ ಮೇಲಿಂದ ನೈಋತ್ಯದ ಗಾಳಿ ಎದ್ದಾಗ ಪೀಹಾ, ರಾಗ್ಲನ್ ಕಡೆ ದೊಡ್ಡ ಅಲೆ ಬರುತ್ತದೆ ಅಲ್ವಾ? ಆ ಗಾಳಿಯೇ ತೇವ ಹೊತ್ತುಕೊಂಡು ಬಂದು ರುವಾಪೆಹುವಿಗೆ ಬಡಿದು ಹಿಮ ಸುರಿಸುತ್ತದೆ. ಪೀಹಾದಲ್ಲಿ ನಿಮ್ಮ ಕಾಲಿಗೆ ಅಂಟುವ ಕಪ್ಪು ಮರಳಿದೆಯಲ್ಲ, ಅದರಲ್ಲಿರುವ ಕಬ್ಬಿಣದ ಅಂಶ ಬಂದಿದ್ದು ಹೆಚ್ಚಾಗಿ ತಾರಾನಾಕಿ ಜ್ವಾಲಾಮುಖಿಯ ಕಡೆಯಿಂದ. ಕಡಲ ಪ್ರವಾಹ ಅದನ್ನು ದಡದುದ್ದಕ್ಕೂ ಉತ್ತರಕ್ಕೆ ತಂದಿದೆ. ಇನ್ನು ಆಕ್ಲೆಂಡ್ ನಗರ ನಿಂತಿರುವುದೇ 50ಕ್ಕೂ ಹೆಚ್ಚು ಸಣ್ಣ ಜ್ವಾಲಾಮುಖಿಗಳ ಬಯಲಿನ ಮೇಲೆ. ಬಂದರಿನಿಂದ ಕಾಣುವ ರಂಗಿಟೋಟೊ ದ್ವೀಪ ಹುಟ್ಟಿದ್ದು ಬರೀ 600 ವರ್ಷಗಳ ಹಿಂದೆ. ಅಮ್ಮನಿಗೆ ಇದನ್ನು ಈಗಲೇ ಹೇಳಬೇಡಿ, ಪ್ರವಾಸ ಮುಗಿಸಿ ಬಂದ ಮೇಲೆ ಹೇಳಿದರಾಯಿತು.

ಸ್ನೋಬೋರ್ಡ್ ಹುಟ್ಟಿದ್ದಕ್ಕೂ ಅಲೆಗೂ ನಂಟಿದೆ. 1965ರ ಕ್ರಿಸ್‌ಮಸ್ ದಿನ ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಶರ್ಮನ್ ಪಾಪೆನ್ ಎಂಬ ಎಂಜಿನಿಯರ್ ಎರಡು ಸ್ಕೀಗಳನ್ನು ಜೋಡಿಸಿ, ಮಕ್ಕಳು ಮೇಲೆ ನಿಂತು ಜಾರುವಂತೆ ಮಾಡಿಕೊಟ್ಟರು. ಹಿಮದ ಇಳಿಜಾರು ಅವರಿಗೆ ಅಲೆಯಂತೆ ಕಂಡಿತ್ತು. ಆ ಆಟಿಕೆಯಿಂದ ಶುರುವಾದದ್ದು 1998ರ ನಾಗಾನೊ ಚಳಿಗಾಲದ ಒಲಿಂಪಿಕ್ಸ್ ಸೇರಿತು. ನೀವಿರುವ ನ್ಯೂಜಿಲೆಂಡಿಗೆ ಚಳಿಗಾಲದ ಒಲಿಂಪಿಕ್ಸ್‌ನ ಮೊದಲ ಚಿನ್ನ ತಂದುಕೊಟ್ಟಿದ್ದೂ ಸ್ನೋಬೋರ್ಡೇ. 2022ರಲ್ಲಿ ಜೋಯಿ ಸಡೋವ್ಸ್ಕಿ-ಸಿನೊಟ್ ಗೆದ್ದ ಚಿನ್ನ ಅದು.

ಈಗ ಕಾಲಿನ ವಿಷಯ. ಸರ್ಫಿಂಗ್‌ನಲ್ಲಿ ಯಾವ ಕಾಲು ಮುಂದಿಡುತ್ತೀರೋ ಇಲ್ಲಿಯೂ ಅದೇ ಕಾಲು ಮುಂದೆ. ಬಾಡಿಗೆ ಅಂಗಡಿಯಲ್ಲಿ "ಎಡಗಾಲು ಮುಂದಾ, ಬಲಗಾಲಾ?" ಅಂತ ಕೇಳಿದಾಗ ಹೊಸಬರು ತಡಬಡಾಯಿಸುತ್ತಾರೆ. ನಿಮಗೆ ಉತ್ತರ ಗೊತ್ತಿದೆ. ಪಕ್ಕಕ್ಕೆ ತಿರುಗಿ ನಿಲ್ಲುವುದು, ಮಂಡಿ ಬಗ್ಗಿಸುವುದು, ಹೋಗಬೇಕಾದ ಕಡೆ ತಲೆ ತಿರುಗಿಸಿ ನೋಡುವುದು, ಇವೆಲ್ಲ ನಿಮಗೆ ಬರುತ್ತವೆ. ಉಳಿದವರು ಇದಕ್ಕೇ ಅರ್ಧ ದಿನ ಕಳೆಯುತ್ತಾರೆ.

ತೊಂದರೆ ಇರುವುದು ಹಿಂಗಾಲಿನಲ್ಲಿ. ಸರ್ಫ್‌ಬೋರ್ಡಿನ ಫಿನ್, ಅಂದರೆ ಅಡಿಯಲ್ಲಿರುವ ಮೀನಿನ ರೆಕ್ಕೆಯಂಥ ತುಂಡು, ಇರುವುದು ಹಿಂದೆ. ಅಲೆ ತಳ್ಳುವುದೂ ಹಿಂದಿನಿಂದ. ಹಾಗಾಗಿ ನೀವು ಹಿಂಗಾಲಿನ ಮೇಲೆ ಭಾರ ಹಾಕಿ ಬೋರ್ಡ್ ತಿರುಗಿಸುತ್ತೀರಿ. ಸ್ನೋಬೋರ್ಡಿಗೆ ಫಿನ್ ಇಲ್ಲ. ಅದರ ಎರಡೂ ಅಂಚಿನಲ್ಲಿ ಚೂಪಾದ ಉಕ್ಕಿನ ಪಟ್ಟಿ ಇದೆ. ಅದೇ ಎಡ್ಜ್. ತಿರುವು ಶುರುವಾಗುವುದು ಬೋರ್ಡಿನ ಮೂತಿಯ ಕಡೆಯ ಎಡ್ಜ್ ಹಿಮವನ್ನು ಕಚ್ಚಿದಾಗ. ನೀವು ಹಿಂದಕ್ಕೆ ವಾಲಿದರೆ ಮೂತಿ ಹಗುರವಾಗುತ್ತದೆ, ಎಡ್ಜ್ ಕಚ್ಚುವುದಿಲ್ಲ, ಬೋರ್ಡ್ ನೇರ ಕೆಳಗೆ ಓಡುತ್ತದೆ. ಓಡಿದಾಗ ಹೆದರಿಕೆಯಾಗುತ್ತದೆ. ಹೆದರಿದ ಮೈ ಇನ್ನೂ ಹಿಂದಕ್ಕೆ ವಾಲುತ್ತದೆ. ವೇಗ ಮತ್ತೂ ಹೆಚ್ಚುತ್ತದೆ. ಸರ್ಫರ್‌ಗಳು ಬೀಳುವುದು ಹೆಚ್ಚಾಗಿ ಹೀಗೇ.

ಆದ್ದರಿಂದ ಮೊದಲ ದಿನ ಒಂದೇ ವಿಷಯ ಗಮನದಲ್ಲಿಡಿ: ಭಾರ ಮುಂಗಾಲಿನ ಮೇಲೆ. ಇಳಿಜಾರು ಕಡಿದಾದಷ್ಟೂ ಮುಂದಕ್ಕೆ. ಮನಸ್ಸು ಒಪ್ಪುವುದಿಲ್ಲ, ಗೊತ್ತು. ಮುಂದಿನ ಮಂಡಿಯ ಮೇಲೆ ಕೈ ಇಟ್ಟುಕೊಂಡು ಒಂದೆರಡು ಸಲ ಇಳಿದು ನೋಡಿ, ಮೈ ತಾನಾಗಿ ಮುಂದೆ ಬರುತ್ತದೆ. ನನ್ನ ತರಗತಿಯಲ್ಲಿ ಸರ್ಫರ್‌ಗಳಿಗೆ ಮೊದಲು ಮಾಡಿಸುವುದೇ ಇದನ್ನು. ಮುಂದೊಂದು ದಿನ ಮೊಣಕಾಲುದ್ದ ಹೊಸ ಹಿಮ ಸಿಕ್ಕಿದರೆ ಹಿಂಗಾಲಿನ ಅಭ್ಯಾಸ ಕೆಲಸಕ್ಕೆ ಬರುತ್ತದೆ. ಅಲ್ಲಿ ಮೂತಿ ಮುಳುಗದಂತೆ ಸ್ವಲ್ಪ ಹಿಂದೆ ವಾಲಲೇಬೇಕು. ಆದರೆ ರುವಾಪೆಹುವಿನ ಹಿಮ ಕಡಲ ಗಾಳಿ ತಂದ ಹಿಮ, ಒದ್ದೆ ಮತ್ತು ಭಾರ. ಪುಡಿ ಹಿಮದ ದಿನಗಳು ಕಡಿಮೆ.

ಇನ್ನೊಂದು ವ್ಯತ್ಯಾಸ: ಎರಡೂ ಪಾದ ಬೋರ್ಡಿಗೆ ಕಟ್ಟಿರುತ್ತವೆ. ನೀರಿನಲ್ಲಿ ಹೆಜ್ಜೆ ಸರಿಸಿ ತೂಕ ಹೊಂದಿಸುತ್ತಿದ್ದಿರಿ. ಇಲ್ಲಿ ಅದು ಆಗುವುದಿಲ್ಲ. ಕೆಲಸವೆಲ್ಲ ಪಾದದ ಗಂಟು ಮತ್ತು ಮಂಡಿಯದು. ಬೆರಳುಗಳನ್ನು ಒತ್ತಿದರೆ ಟೋ ಎಡ್ಜ್, ಹಿಮ್ಮಡಿ ಒತ್ತಿದರೆ ಹೀಲ್ ಎಡ್ಜ್. ಮೊದಲ ಪಾಠ ಬೋರ್ಡನ್ನು ಇಳಿಜಾರಿಗೆ ಅಡ್ಡ ಹಿಡಿದು, ಹೀಲ್ ಎಡ್ಜ್ ಮೇಲೆ ಮೆಲ್ಲಗೆ ಕೆಳಗೆ ಜಾರುವುದು. ಆಮೇಲೆ ಅದನ್ನೇ ಎಡಕ್ಕೆ, ಬಲಕ್ಕೆ, ಉದುರುವ ಎಲೆ ಓಲಾಡಿದ ಹಾಗೆ. ನಂತರ ಟೋ ಎಡ್ಜ್ ಮೇಲೆ ಅದೇ ಪಾಠ. ತಿರುವು ಬರುವುದು ಇದೆಲ್ಲ ಆದ ಮೇಲೆ. ಸರ್ಫಿಂಗ್ ಬಂದವರಿಗೆ ಈ ಹಂತ ಬೇಸರ. ನೇರ ತಿರುವಿಗೆ ಹೋಗೋಣ ಅನ್ನುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅಲೆ ಮುಗಿದಾಗ ನಿಮ್ಮ ಓಟವೂ ತಾನಾಗಿ ಮುಗಿಯುತ್ತದೆ. ಬೆಟ್ಟ ತಾನಾಗಿ ಮುಗಿಯುವುದಿಲ್ಲ, ನೀವೇ ನಿಲ್ಲಿಸಬೇಕು. ನಿಲ್ಲಿಸಲು ಕಲಿತವರು ಮಾತ್ರ ಬೆಟ್ಟದ ಮೇಲಕ್ಕೆ ಒಯ್ಯುವ ಮುಂದಿನ ಲಿಫ್ಟ್ ಹತ್ತಬೇಕು.

ಬೀಳುವುದನ್ನೂ ಕಲಿಯಬೇಕು. ನೀರಿನಲ್ಲಿ ಬಿದ್ದಾಗ ಕೈ ಎಲ್ಲಿದ್ದರೂ ನಡೆಯುತ್ತದೆ. ಹಿಮದಲ್ಲಿ ಕೈ ಊರಿದಿರೋ ಮಣಿಕಟ್ಟು ಹೋಯಿತು. ಹೊಸ ಸ್ನೋಬೋರ್ಡರ್‌ಗಳಿಗೆ ಅತಿ ಹೆಚ್ಚು ಆಗುವ ಪೆಟ್ಟು ಇದೇ. ಮುಂದಕ್ಕೆ ಬೀಳುವಾಗ ಮುಷ್ಟಿ ಕಟ್ಟಿ ಮುಂಗೈ ಮೇಲೆ ಬೀಳಿ. ಹಿಂದಕ್ಕೆ ಬೀಳುವಾಗ ಗದ್ದವನ್ನು ಎದೆಗೆ ಒತ್ತಿ, ಕುಂಡೆ ಮೇಲೆ ಕುಳಿತು, ಹಾಗೇ ಬೆನ್ನಿನ ಮೇಲೆ ಉರುಳಿ. ಕೈಗಳನ್ನು ಎದೆಯ ಹತ್ತಿರ ಇಟ್ಟುಕೊಳ್ಳಿ. ಬಾಡಿಗೆ ಅಂಗಡಿಯಲ್ಲಿ ಮಣಿಕಟ್ಟಿನ ಗಾರ್ಡ್ ಕೇಳಿ ಪಡೆಯಿರಿ. ಹೆಲ್ಮೆಟ್ ಇಲ್ಲದೆ ಹೊರಡಲೇಬೇಡಿ. ಬಸ್ಕಿ ಹೊಡೆದ ಹಾಗೆ ದಿನವಿಡೀ ಬಿದ್ದು ಏಳುವುದು ಇದ್ದೇ ಇರುತ್ತದೆ, ಆದ್ದರಿಂದ ಒಳಗೆ ಹಾಕುವ ಪ್ಯಾಡ್ ಇರುವ ಚಡ್ಡಿ ಸಿಕ್ಕಿದರೆ ಇನ್ನೂ ಒಳ್ಳೆಯದು.

ಸರ್ಫರ್‌ಗಳ ಭುಜ ಗಟ್ಟಿ, ತೊಡೆ ಅಷ್ಟಕ್ಕಷ್ಟೇ. ಕಡಲಿನಲ್ಲಿ ಹೆಚ್ಚು ಹೊತ್ತು ಕೈಯಿಂದ ನೀರು ತಳ್ಳುತ್ತಿರುತ್ತೀರಿ, ನಿಲ್ಲುವುದು ಕೆಲವೇ ಸೆಕೆಂಡ್. ಬೆಟ್ಟದಲ್ಲಿ ಮಂಡಿ ಬಗ್ಗಿಸಿಕೊಂಡೇ ನಿಮಿಷಗಟ್ಟಲೆ ಇಳಿಯಬೇಕು. ಈಗಿನಿಂದಲೇ ದಿನಾ ಬಸ್ಕಿ ಹೊಡೆಯಿರಿ, ತುದಿಗಾಲಲ್ಲಿ ಎದ್ದು ಇಳಿಯಿರಿ. ಟೋ ಎಡ್ಜ್ ಮೇಲೆ ನಿಂತಾಗ ಮೀನಖಂಡ ಎಷ್ಟು ಉರಿಯುತ್ತದೆ ಅಂತ ಅಲ್ಲಿ ಗೊತ್ತಾಗುತ್ತದೆ.

ಬಟ್ಟೆ ವಿಷಯಕ್ಕೆ ಬರೋಣ. ಎತ್ತರ 1000 ಮೀಟರ್ ಹೆಚ್ಚಿದಂತೆ ತಾಪಮಾನ ಸುಮಾರು 6.5 ಡಿಗ್ರಿ ಇಳಿಯುತ್ತದೆ. ಆಕ್ಲೆಂಡಿನಲ್ಲಿ 14 ಡಿಗ್ರಿ ಇದ್ದರೆ 2000 ಮೀಟರ್ ಎತ್ತರದಲ್ಲಿ 1 ಡಿಗ್ರಿ ಅಂದುಕೊಳ್ಳಿ. ಗಾಳಿಯ ಚಳಿ ಬೇರೆ. ಮೈಗೆ ತಾಗುವ ಮೊದಲ ಪದರ ಮೆರಿನೊ ಉಣ್ಣೆ ಅಥವಾ ಬೇಗ ಒಣಗುವ ಬಟ್ಟೆ ಇರಲಿ. ಹತ್ತಿ ಬೇಡವೇ ಬೇಡ. ಊರಿನ ಸೆಖೆಗೆ ಹತ್ತಿಯಷ್ಟು ಒಳ್ಳೆಯದು ಇನ್ನೊಂದಿಲ್ಲ, ಆದರೆ ಬೆವರಿ ಒದ್ದೆಯಾದರೆ ಅದು ಒಣಗುವುದಿಲ್ಲ, ಮೈಯ ಶಾಖ ಹೀರುತ್ತದೆ. ಎರಡನೆಯದು ಫ್ಲೀಸ್. ಮೇಲೆ ನೀರು ನಿಲ್ಲದ ಜಾಕೆಟ್ ಮತ್ತು ಪ್ಯಾಂಟ್. ಪ್ಯಾಂಟಿನ ವಿಷಯದಲ್ಲಿ ಉಳಿತಾಯ ಮಾಡಬೇಡಿ, ಹೊಸಬರು ಅರ್ಧ ದಿನ ಹಿಮದ ಮೇಲೆ ಕುಳಿತೇ ಇರುತ್ತಾರೆ. ವೆಟ್‌ಸೂಟ್ ಹಾಕಬಹುದಾ ಅಂತ ಒಂದಿಬ್ಬರು ಕೇಳಿದ್ದುಂಟು. ಬೇಡ. ಅದು ಬೆವರನ್ನು ಒಳಗೇ ಹಿಡಿದಿಡುತ್ತದೆ, ಗಾಳಿಗೆ ತಣ್ಣಗಾಗುತ್ತದೆ.

ಕಾಲುಚೀಲ ಒಂದೇ ಜೊತೆ, ಮೊಣಕಾಲವರೆಗಿನದು. ಎರಡು ಜೊತೆ ಹಾಕಿದರೆ ಬೆಚ್ಚಗಿರುತ್ತದೆ ಅನ್ನುವುದು ತಪ್ಪು ತಿಳಿವಳಿಕೆ. ಬೂಟಿನೊಳಗೆ ಮಡಿಕೆ ಬಿದ್ದು ನೋಯುತ್ತದೆ, ರಕ್ತ ಓಡುವುದು ಕಡಿಮೆಯಾಗಿ ಪಾದ ಇನ್ನೂ ತಣ್ಣಗಾಗುತ್ತದೆ. ಬೂಟ್ ಬಿಗಿಯಾಗಿರಲಿ. ಮಂಡಿ ಬಗ್ಗಿಸಿದಾಗ ಹಿಮ್ಮಡಿ ಮೇಲೇಳಬಾರದು. ಬೋರ್ಡ್, ಬೂಟ್, ಹೆಲ್ಮೆಟ್ ಬಾಡಿಗೆಗೆ ಪಡೆಯಿರಿ. ಗ್ಲೌಸ್, ಗಾಗಲ್ಸ್, ಕಾಲುಚೀಲ ಮಾತ್ರ ನಿಮ್ಮದೇ ಇರಲಿ.

ಸನ್‌ಸ್ಕ್ರೀನ್ ಬಗ್ಗೆ ಬೀಚಿನವರಿಗೆ ಹೇಳಬೇಕಾಗಿಲ್ಲ ಅನ್ನಿಸಬಹುದು. ಆದರೂ ಕೇಳಿ. ಒಣ ಮರಳು ಸೂರ್ಯನ ನೇರಳಾತೀತ ಕಿರಣದ ಸುಮಾರು ಶೇ. 15ರಷ್ಟನ್ನು ಮೇಲಕ್ಕೆ ಎಸೆದರೆ, ಹೊಸ ಹಿಮ ಶೇ. 80ರವರೆಗೆ ಎಸೆಯುತ್ತದೆ. ಎತ್ತರ 1000 ಮೀಟರ್ ಏರಿದಂತೆ ಆ ಕಿರಣಗಳೂ ಸುಮಾರು ಶೇ. 10 ಹೆಚ್ಚುತ್ತವೆ. ಗದ್ದದ ಕೆಳಗೆ, ಮೂಗಿನ ಹೊಳ್ಳೆಯ ಅಡಿಗೆ, ಕಿವಿಗೆ ಎಲ್ಲ ಹಚ್ಚಿ. ಮೋಡ ಇದೆ ಅಂತ ಗಾಗಲ್ಸ್ ತೆಗೆಯಬೇಡಿ. ಕಣ್ಣಿಗೆ ಹಿಮದ ಉರಿ ಹತ್ತಿದರೆ ಆ ರಾತ್ರಿ ಕಣ್ಣಲ್ಲಿ ಮರಳು ಬಿದ್ದ ಹಾಗೆ ಚುಚ್ಚುತ್ತದೆ, ನಿದ್ದೆ ಬರುವುದಿಲ್ಲ.

ಈಗ ಕಣ್ಣಿನ ಕೆಲಸ. ಸಸಿಹಿತ್ಲು ಅಳಿವೆಯ ಹತ್ತಿರ ನೀರಿಗಿಳಿಯುವ ಮೊದಲು ದಡದಲ್ಲಿ ನಿಂತು ನೋಡಿಯೇ ಇಳಿಯುತ್ತಿದ್ದಿರಿ ತಾನೆ? ಅಲೆ ಎಲ್ಲಿ ಒಡೆಯುತ್ತಿದೆ, ನೀರು ಯಾವ ಕಡೆ ಎಳೆಯುತ್ತಿದೆ, ಗಾಳಿ ತಿರುಗಿತಾ ಅಂತ. ರುವಾಪೆಹುವಿನಲ್ಲಿ ನಿಮಗೆ ಅತಿ ಹೆಚ್ಚು ಉಪಯೋಗಕ್ಕೆ ಬರುವುದು ಈ ಅಭ್ಯಾಸ. ಸಾಲು ಪರ್ವತಗಳಲ್ಲಿ ಒಂದು ಬೆಟ್ಟ ಇನ್ನೊಂದಕ್ಕೆ ಮರೆಯಾಗುತ್ತದೆ. ಇದು ಬಯಲಿನ ನಡುವೆ ಎದ್ದು ನಿಂತಿರುವ 2797 ಮೀಟರ್ ಎತ್ತರದ ಜ್ವಾಲಾಮುಖಿ, ಉತ್ತರ ದ್ವೀಪದ ಅತಿ ಎತ್ತರದ ಜಾಗ. ಗಾಳಿಗೆ ಅಡ್ಡಿಯೇ ಇಲ್ಲ. ಬೆಳಿಗ್ಗೆ ನೀಲಿ ಆಕಾಶ, ಮಧ್ಯಾಹ್ನಕ್ಕೆ ಮುಂದಿನ ಮನುಷ್ಯನೂ ಕಾಣದಷ್ಟು ಬಿಳಿ ಮಂಜು, ಇದು ಇಲ್ಲಿ ಮಾಮೂಲು.

ಸ್ನೋಬೋರ್ಡ್ ಮಾಡುವ ಇಳಿಜಾರುಗಳೆಲ್ಲ ಮರ ಬೆಳೆಯುವ ಗಡಿಗಿಂತ ಮೇಲಿವೆ. ಇದರ ಪರಿಣಾಮ ಹೊಸಬರಿಗೆ ಹೊಳೆಯುವುದಿಲ್ಲ. ಮೋಡ ಕವಿದಾಗ ನೆಲ, ಆಕಾಶ ಎರಡೂ ಒಂದೇ ಬಿಳಿ. ಕಣ್ಣಿಗೆ ಆಧಾರವಾಗಿ ಒಂದು ಮರವೂ ಇಲ್ಲ. ಇಳಿಜಾರು ಎಷ್ಟಿದೆ, ನಾನು ನಿಂತಿದ್ದೇನಾ ಚಲಿಸುತ್ತಿದ್ದೇನಾ ಅನ್ನುವುದೇ ತಿಳಿಯದೆ ತಲೆ ಸುತ್ತುತ್ತದೆ. ಹಾಗಾದಾಗ ದಾರಿಯಂಚಿನ ಕಂಬಗಳನ್ನು ಹಿಡಿದು ಮೆಲ್ಲಗೆ ಇಳಿಯಿರಿ. ಬಿಳಿ ಹಿಮದ ನಡುವೆ ಕಪ್ಪು ಲಾವಾ ಬಂಡೆಗಳಿರುತ್ತವೆ, ಅವೂ ಗುರುತಿಗೆ ಸಿಗುತ್ತವೆ. ಹಳೆಯ ಲಾವಾ ಹರಿದ ಜಾಗಗಳಲ್ಲಿ ಏಣುಗಳೂ ಕೊರಕಲುಗಳೂ ಆಗಿವೆ. ಸರ್ಫರ್ ಕಣ್ಣಿಗೆ ಆ ಕೊರಕಲಿನ ಗೋಡೆ ನಿಂತುಹೋದ ಅಲೆಯ ಹಾಗೆ ಕಾಣುತ್ತದೆ, ಏರಿ ಇಳಿಯೋಣ ಅನ್ನಿಸುತ್ತದೆ. ಅನುಭವ ಇದ್ದವರಿಗೆ ಅದು ನಿಜವಾಗಿಯೂ ಸೊಗಸಾದ ಆಟ. ನಿಮಗೆ ಮೊದಲ ಪ್ರವಾಸದಲ್ಲಿ ಬೇಡ. ತೆಳ್ಳಗಿನ ಹಿಮದ ಕೆಳಗೆ ಕಲ್ಲಿರುತ್ತದೆ.

ಗಾಳಿ ಜೋರಾದರೆ ಲಿಫ್ಟ್ ನಿಲ್ಲಿಸುತ್ತಾರೆ. ಲಿಫ್ಟಿನ ಕಂಬಗಳಿಗೆ ಗಾಳಿ ಬಂದ ದಿಕ್ಕಿಗೆ ಮಂಜುಗಡ್ಡೆ ಗರಿಯಂತೆ ಬೆಳೆದಿದ್ದರೆ ರಾತ್ರಿ ಎಂಥ ಗಾಳಿ ಬೀಸಿತ್ತು, ಮೇಲಿನ ಹಿಮ ಎಷ್ಟು ಗಟ್ಟಿಯಾಗಿರಬಹುದು ಅಂತ ಅದರಿಂದಲೇ ತಿಳಿಯಬಹುದು. ಆಗಸ್ಟ್ ಕೊನೆ, ಸೆಪ್ಟೆಂಬರ್‌ನಲ್ಲಿ ಹಿಮ ಸಾಮಾನ್ಯವಾಗಿ ಚೆನ್ನಾಗಿ ತುಂಬಿರುತ್ತದೆ, ನಿಮ್ಮ ಗೆಳೆಯರು ಒಳ್ಳೆಯ ಸಮಯ ಆರಿಸಿದ್ದಾರೆ. ಬಿಸಿಲಿನ ದಿನಗಳಲ್ಲಿ ಬೆಳಗ್ಗೆ ಬೇಗ ಹಿಮ ಗಾಜಿನಷ್ಟು ಗಟ್ಟಿ. ಹತ್ತು ಹನ್ನೊಂದರ ಹೊತ್ತಿಗೆ ಮೆತ್ತಗಾಗುತ್ತದೆ. ಕಲಿಯಲು ಅದೇ ಒಳ್ಳೆಯ ಹೊತ್ತು. ಮಧ್ಯಾಹ್ನ ಕಳೆದರೆ ಕೆಸರಾಗಿ ಬೋರ್ಡನ್ನು ಹಿಡಿದು ಎಳೆಯುತ್ತದೆ. ಆಗ ಸುಸ್ತೂ ಆಗಿರುತ್ತದೆ. ಪೆಟ್ಟುಗಳು ಜಾಸ್ತಿ ಆಗುವ ಸಮಯ ಅದು, ಆದ್ದರಿಂದ "ಇನ್ನೊಂದೇ ಸಲ" ಅನ್ನಿಸಿದಾಗಲೇ ಬೋರ್ಡ್ ಬಿಚ್ಚಿ.

ನಡವಳಿಕೆಯ ಒಂದೆರಡು ನಿಯಮ. ಅಲೆಯಲ್ಲಿ ಒಡೆಯುವ ತುದಿಗೆ ಹತ್ತಿರ ಇರುವವರಿಗೆ ಮೊದಲ ಹಕ್ಕು. ಇಲ್ಲಿ ನಿಮಗಿಂತ ಕೆಳಗೆ ಇರುವವರಿಗೆ. ಅವರಿಗೆ ನೀವು ಕಾಣುವುದಿಲ್ಲ, ತಪ್ಪಿಸಿಕೊಳ್ಳುವ ಹೊಣೆ ನಿಮ್ಮದು. ವಿಶ್ರಾಂತಿಗೆ ಕೂರುವುದಾದರೆ ದಾರಿಯ ಅಂಚಿನಲ್ಲಿ ಕೂರಿ, ದಿಬ್ಬದ ಕೆಳಗೆ ಮಾತ್ರ ಬೇಡ. ಬೋರ್ಡ್ ಬಿಚ್ಚಿಟ್ಟಾಗ ಪಾದ ಕಟ್ಟುವ ಬೈಂಡಿಂಗ್ ಕೆಳಮುಖವಾಗಿ ಮಗುಚಿಡಿ. ಸುಮ್ನೆ ಇಟ್ಟರೆ ಅದು ಒಂಟಿಯಾಗಿ ಜಾರಿಹೋಗಿ ಕೆಳಗಿರುವ ಮಗುವಿಗೆ ಬಡಿಯಬಹುದು.

ಇನ್ನು ಅಮ್ಮನ ಪ್ರಶ್ನೆ. ಅವರ ಭಯಕ್ಕೆ ಅರ್ಥವಿದೆ, ಹಾಗಾಗಿ ಪೂರ್ತಿ ಹೇಳುತ್ತೇನೆ.

ರುವಾಪೆಹು ನಿಜವಾಗಿಯೂ ಜೀವಂತ ಜ್ವಾಲಾಮುಖಿ. 1945ರಲ್ಲಿ, 1995-96ರಲ್ಲಿ, 2007ರಲ್ಲಿ ಸ್ಫೋಟಿಸಿದೆ. 1995 ಮತ್ತು 1996ರಲ್ಲಿ ಬೂದಿ ಹಿಮದ ಮೇಲೆಲ್ಲ ಬಿದ್ದು ಎರಡು ವರ್ಷ ಸ್ಕೀ ಹಂಗಾಮು ಹಾಳಾಯಿತು. ಆದರೆ ಅಮ್ಮ ಕಲ್ಪಿಸಿಕೊಂಡಿರುವ ಹಾಗೆ ಕೆಂಪು ಲಾವಾ ಹರಿದು ಬರುವುದು ಇಲ್ಲಿ ಮುಖ್ಯ ಅಪಾಯ ಅಲ್ಲ. ಶಿಖರದಲ್ಲಿ ಒಂದು ಸರೋವರ ಇದೆ, ಬಿಸಿಯಾದ, ಆಮ್ಲ ತುಂಬಿದ ನೀರು. ಕೆಳಗಿನಿಂದ ಸ್ಫೋಟವಾದರೆ ಆ ನೀರು ಮೇಲೆದ್ದು ಹಿಮದ ಮೇಲೆ ಬೀಳುತ್ತದೆ. ಹಿಮ, ಬೂದಿ, ಬಂಡೆ ಎಲ್ಲ ಕಲೆಸಿಕೊಂಡು, ಹದವಾಗಿ ಕಲೆಸಿದ ಕಾಂಕ್ರೀಟಿನ ಹಾಗೆ ಕಣಿವೆ ಹಿಡಿದು ಇಳಿಯುತ್ತದೆ. ಇದಕ್ಕೆ ಲಹಾರ್ ಅನ್ನುತ್ತಾರೆ.

ಸ್ಫೋಟ ಆಗದೆಯೂ ಲಹಾರ್ ಬರಬಹುದು. 1953ರ ಡಿಸೆಂಬರ್ 24ರ ರಾತ್ರಿ ಸರೋವರದ ಅಂಚು ಒಡೆದು ಲಹಾರ್ ಇಳಿಯಿತು. ಟಾಂಗಿವಾಯ್ ಎಂಬಲ್ಲಿ ಫಾಂಗಾಯೆಹು ನದಿಯ ರೈಲು ಸೇತುವೆಗೆ ಅದು ಬಡಿಯಿತು. ವೆಲ್ಲಿಂಗ್ಟನ್‌ನಿಂದ ಆಕ್ಲೆಂಡಿಗೆ ಹೊರಟಿದ್ದ ರೈಲು ನದಿಗೆ ಬಿತ್ತು. ಕ್ರಿಸ್‌ಮಸ್‌ಗೆ ಮನೆಗೆ ಹೊರಟಿದ್ದವರಲ್ಲಿ 151 ಜನ ಸತ್ತರು. ನ್ಯೂಜಿಲೆಂಡಿನವರು ಇದನ್ನು ಇಂದಿಗೂ ಮರೆತಿಲ್ಲ. ಆ ಪಾಠದಿಂದಲೇ ಎಚ್ಚರಿಕೆ ವ್ಯವಸ್ಥೆ ಬೆಳೆಯಿತು. 2007ರ ಮಾರ್ಚ್ 18ರಂದು ಅದೇ ಕಣಿವೆಯಲ್ಲಿ ದೊಡ್ಡ ಲಹಾರ್ ಬಂದಾಗ ಉಪಕರಣಗಳು ಮೊದಲೇ ಪತ್ತೆ ಹಚ್ಚಿದವು. ರಸ್ತೆ, ರೈಲು ಎರಡನ್ನೂ ನಿಲ್ಲಿಸಿದರು. ಒಬ್ಬರಿಗೂ ಪ್ರಾಣಾಪಾಯ ಆಗಲಿಲ್ಲ. ಅಮ್ಮನಿಗೆ 1953ರ ಕಥೆ ಹೇಳುವುದಾದರೆ 2007ರದ್ದನ್ನೂ ಸೇರಿಸಿಯೇ ಹೇಳಿ.

ಆದರೆ ಯಂತ್ರಗಳು ಎಲ್ಲವನ್ನೂ ಮುಂಚೆಯೇ ಹೇಳುತ್ತವೆ ಅಂತ ನಾನು ಹೇಳುವುದಿಲ್ಲ. ಅದೇ 2007ರ ಸೆಪ್ಟೆಂಬರ್ 25ರ ರಾತ್ರಿ ರುವಾಪೆಹು ದಿಢೀರನೆ ಸ್ಫೋಟಿಸಿತು. ಲಿಫ್ಟುಗಳು ಅಷ್ಟರಲ್ಲಿ ನಿಂತಿದ್ದವು. ಶಿಖರದ ಹತ್ತಿರದ ಆಶ್ರಯ ಕೊಠಡಿಯಲ್ಲಿ ಮಲಗಿದ್ದ ಪರ್ವತಾರೋಹಿಯೊಬ್ಬರ ಮೇಲೆ ಬಂಡೆ, ಕೆಸರು ಬಂದು ಬಿದ್ದು ಅವರು ಕಾಲು ಕಳೆದುಕೊಂಡರು. ಜಪಾನಿನ ಕುಸಾತ್ಸುವಿನಲ್ಲಿ 2018ರ ಜನವರಿ 23ರಂದು ಸ್ಕೀ ಇಳಿಜಾರಿನ ಪಕ್ಕದಲ್ಲೇ ಸ್ಫೋಟವಾಗಿ, ಸ್ಕೀ ತರಬೇತಿಯಲ್ಲಿದ್ದ ಯೋಧರೊಬ್ಬರು ತೀರಿಕೊಂಡರು. ಆ ದಿನ ಎಚ್ಚರಿಕೆ ಮಟ್ಟ ಅತಿ ಕೆಳಗಿನದೇ ಆಗಿತ್ತು. ಇಂಥವು ಬಲು ಅಪರೂಪ. ಆದರೂ ಗೊತ್ತಿದ್ದು ಹೋಗಬೇಕು.

ಹಾಗಾಗಿ ನೀವು ಮಾಡಬೇಕಾದ್ದು ಇಷ್ಟು. ಹೊರಡುವ ಹಿಂದಿನ ರಾತ್ರಿ ಮತ್ತು ಬೆಳಗ್ಗೆ, ಇಲ್ಲಿನ ಭೂಕಂಪ, ಜ್ವಾಲಾಮುಖಿಗಳ ಮೇಲೆ ಕಣ್ಣಿಡುವ ಜಿಯೋನೆಟ್ ತಾಣದಲ್ಲಿ ಜ್ವಾಲಾಮುಖಿ ಎಚ್ಚರಿಕೆ ಮಟ್ಟ ನೋಡಿ. ಅದು 0ಯಿಂದ 5ರವರೆಗೆ ಇರುತ್ತದೆ. ರುವಾಪೆಹು ಸಾಮಾನ್ಯವಾಗಿ 1ರಲ್ಲಿ ಇರುತ್ತದೆ, ಅದನ್ನು ನೋಡಿ ಗಾಬರಿ ಬೇಡ. 2022ರ ಮಾರ್ಚ್‌ನಲ್ಲಿ 2ಕ್ಕೆ ಏರಿಸಿ, ಕೆಲವು ತಿಂಗಳ ನಂತರ ಮತ್ತೆ 1ಕ್ಕೆ ಇಳಿಸಿದ್ದರು. 2 ಅಂತ ಕಂಡರೆ ಬೆಟ್ಟದವರು ಯಾವ ಭಾಗ ಮುಚ್ಚಿದ್ದಾರೆ ಅಂತ ಓದಿ ನಿರ್ಧರಿಸಿ. ಬೆಟ್ಟ ತಲುಪಿದ ಕೂಡಲೇ ಲಹಾರ್ ಹಾದಿ ಗುರುತಿಸಿರುವ ನಕ್ಷೆ ನೋಡಿ, ನೀವು ಕಲಿಯುವ ಜಾಗ ಅದರಲ್ಲಿ ಎಲ್ಲಿದೆ ಅಂತ ಹುಡುಕಿ. ಸೈರನ್ ಕೇಳಿದರೆ ಕೆಳಗೆ ಓಡಬಾರದು, ಇದು ತುಂಬ ಮುಖ್ಯ. ಕೆಸರು ಕಣಿವೆಯಲ್ಲೇ ಇಳಿಯುತ್ತದೆ, ನೀವು ಕಣಿವೆಯಲ್ಲೇ ಕೆಳಗೆ ಜಾರಿದರೆ ಅದು ಹಿಂದಿನಿಂದ ಬರುತ್ತದೆ. ಪಕ್ಕಕ್ಕೆ ಹೋಗಿ, ಹತ್ತಿರದ ಏಣಿನ ಮೇಲೆ ಹತ್ತಿ ನಿಲ್ಲಿ. ಕಡಲೊಳಕ್ಕೆ ಎಳೆಯುವ ರಿಪ್ ಕರೆಂಟ್‌ಗೆ ಸಿಕ್ಕಾಗ ದಡಕ್ಕೆ ನೇರ ಈಜದೆ ಅಡ್ಡ ಈಜುತ್ತೀರಲ್ಲ, ನಿಮಗೆ ಇದು ಬೇಗ ಮನಸ್ಸಿಗೆ ಹತ್ತುತ್ತದೆ. ಲಿಫ್ಟ್ ಸಿಬ್ಬಂದಿ ಹೇಳಿದಂತೆ ಕೇಳಿ. ವಿಡಿಯೊ ಮಾಡಲು ನಿಲ್ಲಬೇಡಿ.

ನಿಮ್ಮ ದಿನವನ್ನು ಕೆಡಿಸುವ ಸಾಧ್ಯತೆ ಜ್ವಾಲಾಮುಖಿಗಿಂತ ರಸ್ತೆಗೇ ಜಾಸ್ತಿ. ಆಕ್ಲೆಂಡಿನಿಂದ ನಾಲ್ಕು ಗಂಟೆಗೂ ಮೇಲಿನ ಪ್ರಯಾಣ, ಕೊನೆಯ ಬೆಟ್ಟದ ರಸ್ತೆಯಲ್ಲಿ ನೆರಳಿರುವ ತಿರುವುಗಳಲ್ಲಿ ಮಂಜುಗಡ್ಡೆ. ಟೈರಿಗೆ ಹಾಕುವ ಸರಪಳಿ ಕಾರಿನಲ್ಲಿರಲಿ. ಅದನ್ನು ಹಾಕುವುದನ್ನು ಮನೆಯ ಮುಂದೆಯೇ ಒಮ್ಮೆ ಅಭ್ಯಾಸ ಮಾಡಿ. ಕೆಲಸ ಮುಗಿಸಿ ರಾತ್ರಿ ಹೊರಟು, ಬೆಳಗ್ಗೆ ಬೋರ್ಡ್ ಹತ್ತಿ, ಅದೇ ಸಂಜೆ ವಾಪಸ್ ಬರುವ ಯೋಜನೆ ಇದ್ದರೆ ಕೈಬಿಡಿ.

ಅದಕ್ಕೇ ಹೇಳುವುದು, ಒಂದು ದಿನ ಸಾಲದು. ಮೊದಲ ದಿನ ಬೀಳುವುದರಲ್ಲೇ ಹೋಗುತ್ತದೆ. ಸಂಜೆ ಮೈಕೈ ನೋವಿನಲ್ಲಿ "ಇದು ನನಗಲ್ಲ" ಅನ್ನಿಸುತ್ತದೆ. ಎರಡನೆಯ ದಿನ ಬೆಳಗ್ಗೆ ಮೊದಲ ತಿರುವು ಬರುತ್ತದೆ. ಅಷ್ಟರಲ್ಲೇ ಹಿಂತಿರುಗಿದವರಿಗೆ ಸ್ನೋಬೋರ್ಡಿಂಗ್ ಏನು ಅಂತ ಗೊತ್ತಾಗಿರುವುದೇ ಇಲ್ಲ, ಅದು ನನಗೆ ಬೇಸರ ತರುವ ವಿಷಯ. ಎರಡು ದಿನ ಬೋರ್ಡಿಗೆ, ಒಂದು ದಿನ ಹವಾಮಾನಕ್ಕೆ ಅಂತ ಇಟ್ಟುಕೊಳ್ಳಿ. ಬೆಟ್ಟದಲ್ಲಿ ಎರಡು ದೊಡ್ಡ ಸ್ಕೀ ಜಾಗಗಳಿವೆ. ವಾಯುವ್ಯಕ್ಕೆ ಫಾಕಪಾಪಾ, ನೈಋತ್ಯಕ್ಕೆ ತುರೋವಾ. ತುರೋವಾದಲ್ಲಿ ಲಿಫ್ಟ್ 2322 ಮೀಟರ್‌ವರೆಗೆ ಹೋಗುತ್ತದೆ, 720 ಮೀಟರ್ ಇಳಿತ ಸಿಗುತ್ತದೆ, ಸ್ನೋಬೋರ್ಡ್ ಚೆನ್ನಾಗಿ ಗೊತ್ತಿರುವವರಿಗೆ ಅದು ಸ್ವರ್ಗ. ನಿಮಗೆ ಫಾಕಪಾಪಾ ಒಳ್ಳೆಯದು. ಅಲ್ಲಿನ ಹ್ಯಾಪಿ ವ್ಯಾಲಿ ಹೊಸಬರಿಗೇ ಮೀಸಲಾದ ಜಾಗ, ಮೇಲಿನಿಂದ ವೇಗವಾಗಿ ಬರುವವರ ಕಾಟ ಇಲ್ಲ. ಗೆಳೆಯರು "ನಾವೇ ಕಲಿಸುತ್ತೇವೆ" ಅಂತಾರೆ. ಅವರ ಪ್ರೀತಿಗೆ ಥ್ಯಾಂಕ್ಸ್ ಹೇಳಿ, ತರಬೇತುದಾರರ ಪಾಠವನ್ನು ಮೊದಲೇ ಬುಕ್ ಮಾಡಿ. ಚೆನ್ನಾಗಿ ಆಡುವವರೆಲ್ಲರಿಗೂ ಕಲಿಸಲು ಬರುವುದಿಲ್ಲ. ಕಡಿದಾದ ಜಾಗಕ್ಕೆ ಕರೆದುಕೊಂಡು ಹೋಗಿ ಬಿಟ್ಟುಬಿಡುವ ಗೆಳೆಯರನ್ನು ಪ್ರತಿ ವಾರಾಂತ್ಯ ನೋಡುತ್ತೇನೆ.

ಕೊನೆಗೆ ಕ್ರೇಟರ್ ಸರೋವರ. ಈ ಸಲ ಬೇಡ. ಆ ದಾರಿಗೆ ಚಳಿಗಾಲದಲ್ಲಿ ಮಂಜುಗಡ್ಡೆಯ ಕೊಡಲಿ, ಬೂಟಿಗೆ ಮುಳ್ಳಿನ ಪಟ್ಟಿ, ಹಿಮಕುಸಿತದ ತಿಳಿವಳಿಕೆ ಎಲ್ಲ ಬೇಕು. ಸ್ಫೋಟವಾದರೆ ಅತಿ ಅಪಾಯದ ಜಾಗವೂ ಅದೇ. ಇನ್ನೊಂದು ಕಾರಣ ನನಗೆ ಇದಕ್ಕಿಂತ ದೊಡ್ಡದು. ಇಲ್ಲಿನ ಮೂಲನಿವಾಸಿಗಳಾದ ಮಾವೊರಿ ಜನರಿಗೆ ಈ ಬೆಟ್ಟ ಪೂರ್ವಜ. ಶಿಖರ ಅವರಿಗೆ ಪವಿತ್ರ. 1887ರಲ್ಲಿ ನ್ಗಾಟಿ ತುಫಾರೆಟೊವಾ ಬುಡಕಟ್ಟಿನ ಮುಖ್ಯಸ್ಥ ಹೊರೊನುಕು ತೆ ಹೆಉಹೆಉ ತುಕಿನೊ ಈ ಶಿಖರಗಳನ್ನು ಹಂಚಿ ಮಾರುವುದನ್ನು ತಪ್ಪಿಸಲೆಂದೇ ಸರ್ಕಾರದ ಕೈಗೆ ಒಪ್ಪಿಸಿದರು. ನ್ಯೂಜಿಲೆಂಡಿನ ಮೊದಲ ರಾಷ್ಟ್ರೀಯ ಉದ್ಯಾನ ಟೊಂಗಾರಿರೊ ಹುಟ್ಟಿದ್ದು ಹಾಗೆ. ಯುನೆಸ್ಕೊ ಪಟ್ಟಿಗೆ ಇದು 1990ರಲ್ಲಿ ಪ್ರಕೃತಿಯ ಕಾರಣಕ್ಕೆ ಸೇರಿತು, 1993ರಲ್ಲಿ ಸಂಸ್ಕೃತಿಯ ಕಾರಣಕ್ಕೂ ಸೇರಿತು. ನಮ್ಮೂರಿನ ದೈವದ ಬನಕ್ಕೆ ಹೇಗೆ ನಡೆದುಕೊಳ್ಳುತ್ತೀರೋ ಹಾಗೆ ಇಲ್ಲಿಯೂ ನಡೆದುಕೊಳ್ಳಿ. ತುತ್ತತುದಿಗೆ ಹತ್ತಿ ಫೋಟೊ ತೆಗೆಸಿಕೊಳ್ಳುವ ಆಸೆ ಬಿಡಿ, ಕಸ ಹಾಕಬೇಡಿ, ಕಲ್ಲು ತರಬೇಡಿ. ಎತ್ತರದಿಂದ ನೋಡಬೇಕು ಅನ್ನಿಸಿದರೆ ಫಾಕಪಾಪಾದಲ್ಲಿ 2019ರಲ್ಲಿ ಶುರುವಾದ, ತಂತಿಯ ಮೇಲೆ ಸಾಗುವ ಗೊಂಡೋಲ ಇದೆ, ಸುಮಾರು 2020 ಮೀಟರ್ ಎತ್ತರದ ಕೆಫೆಗೆ ಒಯ್ಯುತ್ತದೆ. ಮೂರನೆಯ ದಿನ, ಕಾಲು ಎತ್ತಿಡಲೂ ಆಗದಷ್ಟು ನೋಯುತ್ತಿರುವಾಗ, ಅಲ್ಲಿ ಕುಳಿತು ಅಮ್ಮನಿಗೆ ವಿಡಿಯೊ ಕಾಲ್ ಮಾಡಿ.